ಇಂಗ್ಲಿಷಿನ ‘ರನ್’: ಕಾಲಿಲ್ಲದ ಓಟಗಳು

ಇಂಗ್ಲಿಷ್ ಕಲಿಯಲು ಶುರು ಮಾಡಿದ ಹೊಸತರಲ್ಲೇ ಎದುರಾಗುವ ಪದ ‘ರನ್’. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಅರ್ಥ ಏನು ಅಂತ ಯಾರನ್ನು ಕೇಳಿದರೂ ‘ಓಡು’ ಅಂತ ಥಟ್ಟನೆ ಹೇಳುತ್ತಾರೆ. ತಪ್ಪೇನಲ್ಲ. ಆದರೆ ಆ ಒಂದೇ ಅರ್ಥವನ್ನು ನೆಚ್ಚಿಕೊಂಡು ಒಂದು ಇಂಗ್ಲಿಷ್ ಪತ್ರಿಕೆ ಓದಲು ಕೂತು ನೋಡಿ. ಒಂದು ಪುಟದಲ್ಲಿ ಮಗುವಿನ ಮೂಗು ‘ರನ್’ ಆಗುತ್ತಿರುತ್ತದೆ. ಇನ್ನೊಂದರಲ್ಲಿ ಒಬ್ಬಾಕೆ ಆಸ್ಪತ್ರೆಯನ್ನು ‘ರನ್’ ಮಾಡುತ್ತಿರುತ್ತಾಳೆ. ಯಾವುದೋ ಒಪ್ಪಂದ ಮೂರು ವರ್ಷ ‘ರನ್’ ಆಗುತ್ತದೆ. ಒಂದು ಬೇಲಿ ಗುಡ್ಡದ ಅಂಚಿನುದ್ದಕ್ಕೂ ‘ರನ್’ ಆಗುತ್ತದೆ. ಕೊನೆಗೆ ನೋಡಿದರೆ ಆ ಪತ್ರಿಕೆಯೇ ಒಂದು ಸುದ್ದಿಯನ್ನು ‘ರನ್’ ಮಾಡಿರುತ್ತದೆ. ಇಷ್ಟೆಲ್ಲ ಓದಿದರೂ ನಿಜವಾಗಿ ಓಡಿದವರು ಒಬ್ಬರೂ ಸಿಗುವುದಿಲ್ಲ.

ಹಾಗಾದರೆ ಈ ಪದಕ್ಕೆ ಒಟ್ಟು ಎಷ್ಟು ಅರ್ಥ? ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಲೆಕ್ಕ ಹಾಕಿದ್ದಾರೆ. 1989ರಲ್ಲಿ ಬಂದ ಅವರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಕ್ರಿಯಾಪದಕ್ಕೆ. ಬರೀ ಆ ಕ್ರಿಯಾಪದಕ್ಕೇ 430 ಅರ್ಥ, ವಿವರಣೆಗೆ ಸುಮಾರು 60,000 ಪದ. ಆಮೇಲೆ ಮೂರನೇ ಆವೃತ್ತಿಗಾಗಿ ಇಡೀ ನಿಘಂಟನ್ನು ಮತ್ತೆ ತಿದ್ದಲು ಹೊರಟರು. 2000ದಲ್ಲಿ ‘ಮೇಕ್’ ಆ ದಾಖಲೆ ಮುರಿಯಿತು. 2007ರಲ್ಲಿ ‘ಪುಟ್’ ಅದನ್ನೂ ದಾಟಿತು. 2011ರಲ್ಲಿ ‘ರನ್’ ಬಂತು. ಕ್ರಿಯಾಪದಕ್ಕೇ 645 ಅರ್ಥ. ಈ ಒಂದು ಪದದ ಕೆಲಸಕ್ಕೆ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ತೆಗೆದುಕೊಂಡರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೂರನೇ ಆವೃತ್ತಿಯವರು ‘ಎ’ ಇಂದ ಶುರು ಮಾಡಲಿಲ್ಲ, ‘ಎಂ’ ಇಂದ ಶುರು ಮಾಡಿದರು. ಯಾಕೆ ಅಂದರೆ, ಈ ನಿಘಂಟಿನ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಪೂರ್ತಿಯಾದದ್ದು 1928ರಲ್ಲಿ. ಮೊದಮೊದಲ ಅಕ್ಷರಗಳ ಹೊತ್ತಿಗೆ ಸಂಪಾದಕರು ಕೆಲಸದ ರೀತಿಯನ್ನೇ ಇನ್ನೂ ರೂಢಿಸಿಕೊಳ್ಳುತ್ತಿದ್ದರು. ‘ಎಂ’ ಹೊತ್ತಿಗೆ ಕೈ ಪಳಗಿತ್ತು. ಅದಕ್ಕೇ ತಿದ್ದುವ ಕೆಲಸವನ್ನು ಗಟ್ಟಿ ನೆಲದಿಂದ ಶುರು ಮಾಡೋಣ ಅಂದುಕೊಂಡರು. ಒಂದು ಭಾಷೆಯ ಪದಗಳನ್ನು ಒಂದೊಂದಾಗಿ ಕೂತು ಬಿಡಿಸುವ ಈ ತಾಳ್ಮೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

645 ಅಂತ ಕೇಳಿ ಗಾಬರಿಯಾಗಬೇಡಿ. ಅದರಲ್ಲಿ ಈಗ ಯಾರೂ ಬಳಸದ ಹಳೆಯ ಅರ್ಥಗಳೂ ಸೇರಿವೆ. ನಿಘಂಟು ಮಾಡುವವರು ತುಂಬಾ ಸಣ್ಣದಾಗಿ ಹೆಚ್ಚುತ್ತಾರೆ. ಕುದುರೆ ಓಡುವುದು ಬೇರೆ, ಕುದುರೆಯನ್ನು ಪಂದ್ಯದಲ್ಲಿ ಓಡಿಸುವುದು ಬೇರೆ, ಪಂದ್ಯವೇ ನಡೆಯುವುದು ಬೇರೆ. ಎರಡು ನಿಘಂಟುಗಳ ಲೆಕ್ಕ ಒಂದೇ ಇರುವುದೂ ಅಪರೂಪ. ನಾನು ಇವತ್ತು ಹೇಳಬೇಕು ಅಂತಿರುವುದು ಇಷ್ಟೇ: ಈ ಅರ್ಥಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇವು ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಅರ್ಥಗಳಲ್ಲ, ಒಂದರಿಂದ ಒಂದು ಬಂದವು. ಎಲ್ಲಿಂದ ಎಲ್ಲಿಗೆ ಬಂದವು ಅಂತ ಗೊತ್ತಾದರೆ, ಮೊದಲ ಸಲ ಕೇಳಿದ ಬಳಕೆಯನ್ನೂ ಊಹಿಸಬಹುದು.

‘ಬ್ಯಾಟ್’ ಪದ ನೋಡಿ. ಬಾವಲಿಗೂ ಬ್ಯಾಟ್, ಕ್ರಿಕೆಟ್ ಆಡುವ ದಾಂಡಿಗೂ ಬ್ಯಾಟ್. ಇವು ಬೇರೆ ಬೇರೆ ಮೂಲದ ಎರಡು ಪದಗಳು. ಸುಮ್ನೆ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ‘ರನ್’ ಹಾಗಲ್ಲ. ಅದು ಒಂದೇ ಪದ, ಅರ್ಥ ಹಲವು. ಇದಕ್ಕೆ ‘ಪಾಲಿಸೆಮಿ’ ಅಂತ ಹೆಸರು ಕೊಟ್ಟವರು ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್, 19ನೇ ಶತಮಾನದ ಕೊನೆಯಲ್ಲಿ. ಜಾಸ್ತಿ ಬಳಕೆಯಾಗುವ ಪದಕ್ಕೆ ಅರ್ಥಗಳೂ ಜಾಸ್ತಿ ಅಂತ ಅಮೆರಿಕದ ಜಾರ್ಜ್ ಜಿಫ್ 1945ರಲ್ಲಿ ತೋರಿಸಿಕೊಟ್ಟರು. ಅದಕ್ಕೇ ನಿಘಂಟಿನಲ್ಲಿ ಉದ್ದದ ಜಾಗ ಹಿಡಿದಿರುವುದು ದೊಡ್ಡ ದೊಡ್ಡ ಪದಗಳಲ್ಲ. ಸೆಟ್, ಪುಟ್, ಮೇಕ್, ರನ್ ಥರದ ಚಿಕ್ಕ ಪದಗಳೇ.

ಈಗ ಮೂಲಕ್ಕೆ ಬರೋಣ. ನಾವು ಸಾಮಾನ್ಯವಾಗಿ ಏನು ಅಂದುಕೊಳ್ಳುತ್ತೇವೆ? ಮೊದಲು ಕಾಲಿನಿಂದ ಓಡುವುದು ಅನ್ನುವ ಅರ್ಥ ಇತ್ತು, ಆಮೇಲೆ ಕವಿಗಳು ಯಾರೋ ನದಿಗೂ ಅದನ್ನು ಹಚ್ಚಿದರು ಅಂತ. ಹಾಗಲ್ಲ. ಹಳೆಯ ಇಂಗ್ಲಿಷಿನ ‘ರಿನ್ನನ್’ ಅಥವಾ ‘ಇಯರ್ನನ್’ ಎಂಬ ಕ್ರಿಯಾಪದಕ್ಕೆ ಓಡು, ಹರಿ ಎರಡೂ ಅರ್ಥ ಇದ್ದವು. ಅಂದರೆ ನೀರು ‘ರನ್’ ಆಗುವುದು ಅಲಂಕಾರದ ಮಾತಲ್ಲ. ಅದು ಮನುಷ್ಯ ‘ರನ್’ ಆಗುವಷ್ಟೇ ಹಳೆಯದು. ಇಂಗ್ಲಿಷಿನ ನೆಂಟ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ಎರಡು ಪದ ಇವೆ. ‘ರೆನ್ನೆನ್’ ಅಂದರೆ ಓಡುವುದು, ‘ರಿನ್ನೆನ್’ ಅಂದರೆ ಹರಿಯುವುದು, ಒಸರುವುದು. ಇಂಗ್ಲಿಷ್ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡಿತು.

ಇದು ಕನ್ನಡದವರಿಗೆ ವಿಚಿತ್ರ ಅನ್ನಿಸಬಾರದು. ನಮ್ಮ ‘ಹರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಅದು ‘ಪರಿ’. ಪರಿ ಅಂದರೆ ಹರಿಯುವುದೂ ಹೌದು, ಓಡುವುದೂ ಹೌದು. ‘ಪ’ ಹೋಗಿ ‘ಹ’ ಬಂತು, ಓಡುವ ಅರ್ಥ ಬಹುಮಟ್ಟಿಗೆ ಬಿಟ್ಟುಹೋಯಿತು. ಪೂರ್ತಿ ಹೋಗಿಲ್ಲ. ಹಾವು ಹರಿದಾಡುತ್ತದೆ. ಸುದ್ದಿ ಹರಿದಾಡುತ್ತದೆ. ಕಣ್ಣು ಹರಿದಷ್ಟು ದೂರ ಅನ್ನುತ್ತೇವೆ, ಗಮನ ಹರಿಸಿ ಅನ್ನುತ್ತೇವೆ. ಪತ್ರಿಕೆಯವರು ಅಪಘಾತದ ಸುದ್ದಿಗೆ ‘ಲಾರಿ ಹರಿದು ಸವಾರ ಸಾವು’ ಅಂತ ತಲೆಬರಹ ಕೊಡುತ್ತಾರೆ, ನೋಡಿದ್ದೀರಲ್ವಾ? ಅದೇ ಜಾಗದಲ್ಲಿ ಇಂಗ್ಲಿಷಿನವರು ‘ರನ್ ಓವರ್’ ಅನ್ನುತ್ತಾರೆ. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳು. ಎರಡೂ ಹರಿಯುವುದನ್ನೂ ಓಡುವುದನ್ನೂ ಒಟ್ಟಿಗೆ ಕಟ್ಟಿವೆ. ಇದನ್ನು ಗಮನಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈ ‘ಹರಿ’ ಎಂಬ ಕೀಲಿಕೈಯನ್ನು ಇಟ್ಟುಕೊಂಡು ಹೊರಟರೆ ಎಷ್ಟೋ ಬಾಗಿಲು ತೆರೆಯುತ್ತವೆ. ನಲ್ಲಿ ‘ರನ್’ ಆಗುತ್ತಿದೆ ಅಂದರೆ ನೀರು ಬಿಟ್ಟಿದೆ. ಬಟ್ಟೆಯ ಬಣ್ಣ ‘ರನ್’ ಆಯಿತು ಅಂದರೆ ನೀರಿನಲ್ಲಿ ಬಣ್ಣ ಬಿಟ್ಟು ಪಕ್ಕದ ಬಟ್ಟೆಗೂ ಹತ್ತಿತು. ಮೂಗು ‘ರನ್’ ಆದರೆ ಸೋರುತ್ತಿದೆ. ಒಂದು ಗುಣ ಮನೆತನದಲ್ಲಿ ‘ರನ್ಸ್ ಇನ್ ದ ಫ್ಯಾಮಿಲಿ’ ಅಂದರೆ ರಕ್ತದಲ್ಲೇ ಹರಿದು ಬಂದಿದೆ. ‘ಟೈಮ್ ರನ್ಸ್ ಔಟ್’ ಅನ್ನುವುದೂ ಇಲ್ಲಿಗೇ ಸೇರುತ್ತದೆ. ಪಾತ್ರೆಯಿಂದ ಎಲ್ಲ ಹರಿದು ಹೊರಗೆ ಹೋದರೆ ಒಳಗೆ ಏನು ಉಳಿಯುತ್ತದೆ? ಏನೂ ಇಲ್ಲ. ಹೊತ್ತು ಹಾಗೆ ಮುಗಿಯುತ್ತದೆ, ದುಡ್ಡು ಹಾಗೆ ಖಾಲಿಯಾಗುತ್ತದೆ, ತಾಳ್ಮೆಯೂ ಹಾಗೇ ಮುಗಿಯುತ್ತದೆ. ‘ಔಟ್’ ಬಂದ ಕೂಡಲೇ ‘ಓಡಿಹೋಯಿತು’ ಅಂತ ಯೋಚಿಸಬೇಡಿ. ‘ಹರಿದು ಬರಿದಾಯಿತು’ ಅಂತ ಯೋಚಿಸಿ.

ಇನ್ನು ಬೇಲಿಯ ವಿಷಯ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇಲಿ ಅಲ್ಲಾಡುವುದಿಲ್ಲ. ರಸ್ತೆ ಬಿದ್ದಲ್ಲೇ ಬಿದ್ದಿರುತ್ತದೆ. ಆದರೂ ಇಂಗ್ಲಿಷಿನಲ್ಲಿ ರಸ್ತೆ ‘ರನ್ಸ್ ಅಲಾಂಗ್ ದ ರಿವರ್’, ನದಿಯ ಪಕ್ಕದಲ್ಲೇ ಓಡುತ್ತದೆ. ನಾವು ಕನ್ನಡದಲ್ಲಿ ‘ಈ ದಾರಿ ಎಲ್ಲಿಗೆ ಹೋಗುತ್ತೆ?’ ಅಂತ ಕೇಳುತ್ತೇವೆ. ದಾರಿ ಎಲ್ಲಿಗೂ ಹೋಗುವುದಿಲ್ಲ. ಹೋಗುವವರು ನಾವು. ಭಾಷಾಶಾಸ್ತ್ರಜ್ಞ ಲೆನಾರ್ಡ್ ಟಾಲ್ಮಿ ಇದಕ್ಕೆ ‘ಫಿಕ್ಟಿವ್ ಮೋಷನ್’ ಅಂತ ಹೆಸರಿಟ್ಟರು. ಕನ್ನಡದಲ್ಲಿ ಕಲ್ಪಿತ ಚಲನೆ ಅನ್ನಬಹುದು. ನಿಂತ ವಸ್ತುವಿನ ಉದ್ದಕ್ಕೂ ನಮ್ಮ ಕಣ್ಣು ಓಡುತ್ತದೆ, ಆ ಓಟವನ್ನು ನಾವು ವಸ್ತುವಿನ ಲೆಕ್ಕಕ್ಕೆ ಹಾಕುತ್ತೇವೆ.

ಇದು ಬರೀ ಮಾತಿನ ರೂಢಿಯೋ, ನಿಜವಾಗಿ ತಲೆಯೊಳಗೆ ಏನಾದರೂ ಚಲಿಸುತ್ತದೆಯೋ? ಟೀನೀ ಮ್ಯಾಟ್‌ಲಾಕ್ ಎಂಬ ಸಂಶೋಧಕಿ ಇದನ್ನು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಓದುಗರಿಗೆ ಮೊದಲು ಒಂದು ಪುಟ್ಟ ಕಥೆ ಕೊಟ್ಟರು. ಒಬ್ಬರು ಮರುಭೂಮಿಯಂಥ ಜಾಗದಲ್ಲಿ ಪ್ರಯಾಣ ಮಾಡುತ್ತಾರೆ. ಕೆಲವು ಕಥೆಗಳಲ್ಲಿ ಪ್ರಯಾಣ ಬೇಗ ಮುಗಿಯುತ್ತದೆ, ಕೆಲವದರಲ್ಲಿ ನಿಧಾನ. ಕೆಲವದರಲ್ಲಿ ನೆಲ ಸಲೀಸು, ಕೆಲವದರಲ್ಲಿ ಏರುತಗ್ಗು. ಆಮೇಲೆ ‘ರಸ್ತೆ ಮರುಭೂಮಿಯನ್ನು ದಾಟುತ್ತದೆ’ ಎಂಬಂಥ ಒಂದು ವಾಕ್ಯ ತೋರಿಸಿ, ಓದಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದರು. ವಾಕ್ಯ ಅದೇ. ಆದರೆ ನಿಧಾನದ ಪ್ರಯಾಣದ ಕಥೆ ಓದಿದವರು, ಕಷ್ಟದ ನೆಲದ ಕಥೆ ಓದಿದವರು, ಆ ವಾಕ್ಯ ಓದಲು ಹೆಚ್ಚು ಹೊತ್ತು ತೆಗೆದುಕೊಂಡರು. ಚಲನೆಯ ಮಾತು ಇಲ್ಲದ ವಾಕ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ರಸ್ತೆ ಹೋಗುತ್ತದೆ ಅಂತ ಓದಿದಾಗ ನಮ್ಮ ಮನಸ್ಸು ಆ ರಸ್ತೆಯ ಮೇಲೆ ನಿಜವಾಗಿಯೂ ಒಂದು ಸಲ ಹೋಗಿ ಬರುತ್ತದೆ. ‘ಅಷ್ಟು ಉದ್ದದ ಬೇಲಿ ಇದೆ’ ಅನ್ನುವುದಕ್ಕೂ ‘ಬೇಲಿ ಓಡುತ್ತದೆ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದೇ.

ಇದೇ ಓಟ ಜಾಗದಿಂದ ಕಾಲಕ್ಕೂ ದಾಟುತ್ತದೆ. ನಾಟಕ ಆರು ವಾರ ‘ರನ್’ ಆಗುತ್ತದೆ, ಒಪ್ಪಂದ ಮೂರು ವರ್ಷ. ‘ತ್ರೀ ಡೇಸ್ ರನ್ನಿಂಗ್’ ಅಂದರೆ ಸತತ ಮೂರು ದಿನ. ಇದರ ಬಗ್ಗೆ ಹೆಚ್ಚು ಹೇಳುವುದು ಬೇಡ, ನಿಮಗೇ ಹೊಳೆಯುತ್ತದೆ.

ಮುಂದಿನ ದೊಡ್ಡ ಜಿಗಿತ ಯಂತ್ರಗಳದ್ದು. ಕೈಗಾರಿಕಾ ಕ್ರಾಂತಿ ಬಂದಾಗ ಹೊಸ ಹೊಸ ಯಂತ್ರ ಬಂದವು. ಅವು ಮಾಡುವುದನ್ನು ಹೇಳಲು ಒಂದು ಕ್ರಿಯಾಪದ ಬೇಕಿತ್ತು. ಒಮ್ಮೆ ಶುರು ಮಾಡಿದರೆ ತಾನಾಗಿ ನಡೆಯುತ್ತಾ ಇರುವುದಕ್ಕೆ ‘ರನ್’ ಸರಿಯಾಗಿ ಕೂತಿತು. ಇಂಜಿನ್ ‘ರನ್’ ಆಯಿತು, ರೈಲು ‘ರನ್’ ಆಯಿತು, ಕಾರ್ಖಾನೆ ‘ರನ್’ ಆಯಿತು. ಈ ಪದದ ಅರ್ಥಗಳು ಇಷ್ಟು ಬೆಳೆಯಲು ಯಂತ್ರಗಳ ಕಾಲ ಒಂದು ಮುಖ್ಯ ಕಾರಣ. ಗಿರಣಿಯಿಂದ ಆರಿಸದೆ, ಬೇರ್ಪಡಿಸದೆ ಹಾಗೇ ಹೊರಬಂದ ಸರಕನ್ನು ‘ರನ್ ಆಫ್ ದ ಮಿಲ್’ ಅನ್ನುತ್ತಿದ್ದರು. ಅದೇ ಇವತ್ತು ‘ವಿಶೇಷವೇನೂ ಇಲ್ಲದ, ಸಾಧಾರಣ’ ಅನ್ನುವ ಅರ್ಥಕ್ಕೆ ಬಂದು ನಿಂತಿದೆ. ಅಚ್ಚುಕೂಟದಲ್ಲಿ ಒಂದು ಸಲಕ್ಕೆ ಹಾಕುವ ಪ್ರತಿಗಳಿಗೆ ‘ಪ್ರಿಂಟ್ ರನ್’.

ಆಮೇಲೆ ಬಂದದ್ದು ಕಂಪ್ಯೂಟರ್. 1964ರ ಮೇ 1ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ರೂಪಿಸಿದ ‘ಬೇಸಿಕ್’ ಭಾಷೆಯ ಪ್ರೋಗ್ರಾಂ ಮೊದಲ ಬಾರಿಗೆ ಓಡಿತು. ಗಣಿತ, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸುವಂತಾಗಬೇಕು ಎನ್ನುವುದು ಅವರ ಆಸೆ. ಅದಕ್ಕೇ ಆದೇಶಗಳಿಗೆ ದಿನಬಳಕೆಯ ಪದಗಳನ್ನೇ ಆರಿಸಿದರು. ಬರೆದದ್ದನ್ನು ಕೆಲಸಕ್ಕೆ ಹಚ್ಚಲು ಟೈಪ್ ಮಾಡಬೇಕಾದ ಆದೇಶ ‘ರನ್’. ಈಗ ನೋಡಿ, ಕನ್ನಡದಲ್ಲೂ ‘ಪ್ರೋಗ್ರಾಂ ರನ್ ಮಾಡು’ ಅಂತಲೇ ಹೇಳುತ್ತೇವೆ. ಹೇಳುವಾಗ ಓಟದ ನೆನಪೇ ಬರುವುದಿಲ್ಲ.

ಇಲ್ಲಿ ವ್ಯಾಕರಣದ ಒಂದು ವಿಷಯ ಬರುತ್ತದೆ. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಕನ್ನಡದಲ್ಲಿ ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಮಾಡಿಸುವುದಕ್ಕೂ ಬೇರೆ ರೂಪ ಇದೆ. ಓಡು, ಓಡಿಸು. ಹರಿ, ಹರಿಸು. ನಡೆ, ನಡೆಸು. ಹಳೆಯ ಇಂಗ್ಲಿಷಿನಲ್ಲೂ ಎರಡು ಬೇರೆ ಪದ ಇದ್ದವು, ತಾನು ಓಡುವುದಕ್ಕೆ ಒಂದು, ಕುದುರೆಯನ್ನು ಓಡಿಸುವುದಕ್ಕೆ ಇನ್ನೊಂದು. ಕಾಲಕ್ರಮದಲ್ಲಿ ಎರಡೂ ಬೆರೆತುಹೋದವು. ಹಾಗಾಗಿ ಈಗ ‘ದ ಮಷೀನ್ ರನ್ಸ್’ ಅಂದರೂ ರನ್, ‘ಷಿ ರನ್ಸ್ ದ ಮಷೀನ್’ ಅಂದರೂ ರನ್. ಕ್ರಿಯಾಪದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರ ಮುಂದೆ ಕರ್ಮಪದ ಇದೆಯಾ ಅಂತ ನೋಡಬೇಕು. ಇದ್ದರೆ, ಮನಸ್ಸಿನಲ್ಲಿ ಒಂದು ‘-ಇಸು’ ಹಚ್ಚಿಕೊಳ್ಳಿ. ‘ಷಿ ರನ್ಸ್ ಅ ಹಾಸ್ಪಿಟಲ್’ ಅಂದರೆ ಆಕೆ ಆಸ್ಪತ್ರೆ ನಡೆಸುತ್ತಾಳೆ.

ಎಲ್ಲ ಕಡೆ ಇದು ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ‘ರನ್ ಅ ಫೀವರ್’ ಅಂದರೆ ಜ್ವರ ಬರಿಸುವುದಲ್ಲ, ಜ್ವರ ಬಂದಿರುವುದು. ‘ರನ್ ಅ ರಿಸ್ಕ್’ ಅಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು. ಇಂಥವು ಸ್ವಲ್ಪವೇ ಇವೆ, ಇವನ್ನು ಇದ್ದ ಹಾಗೇ ಕಲಿಯಬೇಕು.

‘ನಡೆಸು’ ಅಂದೆನಲ್ಲ, ಅದನ್ನು ಇನ್ನೊಮ್ಮೆ ನೋಡಿ. ಇಂಗ್ಲಿಷಿನವರು ಸಂಸ್ಥೆಯನ್ನು ಓಡಿಸುತ್ತಾರೆ. ನಾವು ನಡೆಸುತ್ತೇವೆ. ಶಾಲೆ ನಡೆಸುತ್ತೇವೆ, ಸಭೆ ನಡೆಸುತ್ತೇವೆ, ಸಂಸಾರವನ್ನೂ ನಡೆಸುತ್ತೇವೆ. ನಾವು ‘ಓಡಿಸು’ ಅಂದರೆ ಅರ್ಥವೇ ಬೇರೆ. ‘ಕಂಪನಿ ಓಡಿಸ್ತಿದ್ದಾನೆ’ ಅಂದರೆ ಹೇಗೋ ತಳ್ಳಿಕೊಂಡು ಹೋಗುತ್ತಿದ್ದಾನೆ ಅನ್ನುವ ಧ್ವನಿ ಬಂದುಬಿಡುತ್ತದೆ. ಅನುವಾದ ಮಾಡುವವರು ಇದನ್ನು ಗಮನಿಸಲೇಬೇಕು. ಪದದ ಅರ್ಥ ಸರಿಯಿದ್ದರೂ ಧ್ವನಿ ತಪ್ಪಬಹುದು.

ಚುನಾವಣೆಯಲ್ಲಂತೂ ಇಂಗ್ಲಿಷಿನವರಲ್ಲೇ ಎರಡು ಪಂಗಡ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಅದೇ ಕೆಲಸಕ್ಕೆ ‘ಸ್ಟಾಂಡ್’ ಅನ್ನುತ್ತಾರೆ. ಕೆಲಸ ಒಂದೇ, ಒಬ್ಬರು ಓಡುತ್ತಾರೆ, ಇನ್ನೊಬ್ಬರು ನಿಲ್ಲುತ್ತಾರೆ. ಕನ್ನಡ ಬ್ರಿಟನ್ನಿನ ಕಡೆ. ನಾವೂ ‘ಚುನಾವಣೆಗೆ ನಿಂತಿದ್ದಾರೆ’ ಅಂತಲೇ ಹೇಳುವುದು. ಅಮೆರಿಕದವರ ಮಾತಿನಲ್ಲಿ ಚುನಾವಣೆ ಅಂದರೆ ಪಂದ್ಯ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಅವರು ‘ರನ್ನಿಂಗ್ ಮೇಟ್’ ಅನ್ನುತ್ತಾರೆ. ಅದು ಕುದುರೆ ಪಂದ್ಯದಿಂದ ಬಂದ ಮಾತು. ಒಂದು ಕುದುರೆಗೆ ವೇಗ ಕಟ್ಟಿಕೊಡಲು ಅದೇ ಲಾಯದ ಇನ್ನೊಂದು ಕುದುರೆಯನ್ನು ಜೊತೆಗೆ ಓಡಿಸುತ್ತಿದ್ದರು, ಅದಕ್ಕೆ ಆ ಹೆಸರು. ಬಹುಮಾನ ಸಮಾರಂಭದಲ್ಲಿ ಕೇಳುವ ‘ರನ್ನರ್ ಅಪ್’ ನಾಯಿಗಳ ಓಟದ ಸ್ಪರ್ಧೆಯಿಂದ ಬಂದದ್ದು.

ಕ್ರಿಕೆಟ್ಟಿನ ರನ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಇಲ್ಲಿ ಕ್ರಿಯಾಪದ ನಾಮಪದವಾಗಿದೆ, ಓಟವೇ ಎಣಿಕೆಯಾಗಿದೆ. 18ನೇ ಶತಮಾನದಲ್ಲಿ ಇದೇ ಎಣಿಕೆಗೆ ‘ನಾಚ್’ ಅನ್ನುತ್ತಿದ್ದರು. ಲೆಕ್ಕ ಇಡುವವನು ಒಂದು ಕೋಲಿನಲ್ಲಿ ರನ್ನಿಗೊಂದು ಕಚ್ಚು ಕೊರೆಯುತ್ತಿದ್ದ, ಆ ಕಚ್ಚೇ ನಾಚ್. ಕಾಗದದಲ್ಲಿ ಲೆಕ್ಕ ಇಡುವ ರೂಢಿ ಬಂದ ಮೇಲೆ ಕೋಲೂ ಹೋಯಿತು, ಪದವೂ ಹೋಯಿತು. ರನ್ ಉಳಿಯಿತು. ಪಿಚ್ 22 ಗಜ. ವಿಕೆಟ್ಟಿನ ಮುಂದೆ ಬ್ಯಾಟ್ ಮಾಡುವವರು ನಿಲ್ಲುವ ಗೆರೆಗೆ ಪಾಪಿಂಗ್ ಕ್ರೀಸ್ ಅಂತ ಹೆಸರು. ಒಂದು ಕಡೆಯ ಪಾಪಿಂಗ್ ಕ್ರೀಸಿನಿಂದ ಇನ್ನೊಂದು ಕಡೆಯದ್ದಕ್ಕೆ 58 ಅಡಿ, ಅಂದರೆ ಸುಮಾರು 17.7 ಮೀಟರ್. ಇಷ್ಟು ಓಡಿದರೆ ಒಂದು ರನ್. ಬೇಸ್‌ಬಾಲ್‌ನಲ್ಲೂ ರನ್ ಇದೆ. ಆದರೆ ಅಲ್ಲಿ ನಾಲ್ಕು ನೆಲೆಗಳನ್ನು ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬರಬೇಕು. ನೆಲೆಯಿಂದ ನೆಲೆಗೆ 90 ಅಡಿ, ಒಟ್ಟು 360 ಅಡಿ. ಒಂದೇ ಹೆಸರಿನ ಎರಡು ರನ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಆರು ಪಟ್ಟು ಉದ್ದ!

ಕ್ರಿಕೆಟ್ಟಿನಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. ಚೆಂಡು ಗೆರೆ ದಾಟಿದರೆ ನಾಲ್ಕು ರನ್, ಯಾರೂ ಹೆಜ್ಜೆ ಎತ್ತಬೇಕಾಗಿಲ್ಲ. ವೈಡ್ ಎಸೆದರೂ ಒಂದು ರನ್. ಓಟದಿಂದ ಹುಟ್ಟಿದ ಎಣಿಕೆ ಓಟವನ್ನೇ ಬಿಟ್ಟು ನಿಂತಿತು. ಪದಗಳ ಅರ್ಥ ಹೇಗೆ ಸರಿಯುತ್ತದೆ ಅಂತ ಯಾರಾದರೂ ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬ್ಯಾಂಕಿನ ‘ರನ್’ ಕೂಡ ಹಾಗೆಯೇ. ಬ್ಯಾಂಕ್ ಮುಳುಗುತ್ತದೆ ಅನ್ನುವ ಭಯದಿಂದ ಠೇವಣಿ ಇಟ್ಟವರೆಲ್ಲ ಒಟ್ಟಿಗೆ ದುಡ್ಡು ವಾಪಸ್ ಕೇಳುವುದಕ್ಕೆ ಈ ಹೆಸರು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹಿಂತೆಗೆಯಲು ಜನ ಮುಂದಾದರು. ಅದರಲ್ಲಿ ಬಹುಪಾಲು ಕೂತಲ್ಲಿಂದಲೇ ಆನ್‌ಲೈನ್‌ನಲ್ಲಿ ನಡೆಯಿತು. ಆದರೂ ಹೆಸರು ‘ರನ್’. ಇದಕ್ಕೆ ಕನ್ನಡದಲ್ಲಿ ಓಡು, ಹರಿ, ನಡೆ ಯಾವುದೂ ಕೂಡುವುದಿಲ್ಲ. ‘ಠೇವಣಿದಾರರು ಬ್ಯಾಂಕಿಗೆ ಮುಗಿಬಿದ್ದರು’ ಅಂದರೆ ಮಾತ್ರ ಆ ಗಾಬರಿ, ಆ ನೂಕುನುಗ್ಗಲು ಬರುತ್ತದೆ.

ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1957ರಲ್ಲಿ ಒಂದು ಮಾತು ಹೇಳಿದ್ದರು: ಒಂದು ಪದವನ್ನು ಅದರ ಜೊತೆಗಾರರಿಂದ ಗುರುತಿಸಬೇಕು ಅಂತ. ‘ರನ್’ ವಿಷಯದಲ್ಲಿ ಇದು ಅಕ್ಷರಶಃ ನಿಜ. ‘ಇನ್‌ಟು’ ಜೊತೆಗೆ ಬಂದು, ಮುಂದೆ ಗೋಡೆ ಇದ್ದರೆ ಡಿಕ್ಕಿ. ಗೆಳೆಯ ಇದ್ದರೆ ಅಚಾನಕ್ ಭೇಟಿ. ಸಾಲ ಇದ್ದರೆ ಅದರಲ್ಲಿ ಸಿಕ್ಕಿಹಾಕಿಕೊಳ್ಳುವುದು. ‘ಡೌನ್’ ಬಂದರೆ ಬ್ಯಾಟರಿಯ ಶಕ್ತಿ ಮುಗಿಯುವುದು, ಮನುಷ್ಯ ಸೊರಗುವುದು, ಕಟ್ಟಡ ಪಾಳು ಬೀಳುವುದು. ಅದೇ ‘ಡೌನ್’ ಮುಂದೆ ಒಬ್ಬ ವ್ಯಕ್ತಿಯ ಹೆಸರು ಕರ್ಮಪದವಾಗಿ ಬಂದರೆ ಅವನನ್ನು ಹೀಗಳೆಯುವುದು, ಇಲ್ಲವೇ ಬೆನ್ನಟ್ಟಿ ಹಿಡಿಯುವುದು. ಯಾವುದು ಅಂತ ತಿಳಿಯಲು ಅದರ ಪಕ್ಕದ ವಾಕ್ಯವನ್ನೂ ಓದಬೇಕು. ಹಾಗಾಗಿ ‘ರನ್’ ಅರ್ಥವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳಬೇಡಿ. ಪೂರ್ತಿ ವಾಕ್ಯ ಬರೆದಿಟ್ಟುಕೊಳ್ಳಿ, ಯಾರು ‘ರನ್’ ಆಗುತ್ತಿದ್ದಾರೆ, ಮುಂದೆ ಏನಿದೆ ಅನ್ನುವುದು ಕಾಣುವ ಹಾಗೆ.

ಕೊನೆಯದಾಗಿ ಒಂದು ಬಳಕೆ. ಇದನ್ನು ಪಾಠಗಳಲ್ಲಿ ಹೇಳಿಕೊಡುವುದು ಕಡಿಮೆ, ಮಾತಿನಲ್ಲಿ ಬರುವುದು ಜಾಸ್ತಿ. ‘ರನ್’ ಮುಂದೆ ಒಂದು ಗುಣವಾಚಕ ಬಂದುಬಿಡುತ್ತದೆ. ಬಾವಿ ‘ರನ್ಸ್ ಡ್ರೈ’, ಸರಕು ‘ರನ್ಸ್ ಶಾರ್ಟ್’, ಭಾವನೆಗಳು ‘ರನ್ ಹೈ’. ಇಲ್ಲಿ ಓಟವೂ ಇಲ್ಲ, ಹರಿವೂ ಹೆಚ್ಚುಕಡಿಮೆ ಇಲ್ಲ. ‘ರನ್’ ಬರೀ ‘ಆಗು’ ಅನ್ನುವಷ್ಟಕ್ಕೆ ತೆಳುವಾಗಿದೆ. ಬಾವಿ ಬತ್ತಿಹೋಯಿತು, ಸರಕು ಕಮ್ಮಿಯಾಯಿತು. ಇದರಲ್ಲಿ ನಿಮಗೆ ದಿನವೂ ಸಿಗುವುದು ‘ಐ ಆಮ್ ರನ್ನಿಂಗ್ ಲೇಟ್’. ಯಾರಾದರೂ ಫೋನಿನಲ್ಲಿ ಹಾಗಂದರೆ ಅವರು ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದಾರೆ ಅಂದುಕೊಳ್ಳಬೇಡಿ. ಅವರು ಇನ್ನೂ ಮನೆಯಲ್ಲೇ ಕೂತಿರಬಹುದು. ‘ನಂಗೆ ತಡ ಆಗ್ತಿದೆ’ ಅಂತ ಅರ್ಥ, ಅಷ್ಟೇ.